ಎಸಿ ರಾತ್ರಿಯಿಡೀ ಗುಂಯ್ ಅನ್ನುತ್ತದೆ, ಪೆಟ್ಟಿಗೆ ಕಟ್ಟಿ ಮುಚ್ಚಬಹುದೇ?

ಪ್ರಶ್ನೆ: ನಮ್ಮದು ಕಲಬುರಗಿ. ಕಳೆದ ಬೇಸಿಗೆಗೆ ಮುಂಚೆ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದೆವು. ಕೋಣೆ ಮೊದಲ ಮಹಡಿಯಲ್ಲಿದೆ, 12 ಅಡಿಗೆ 12 ಅಡಿ. ಔಟ್‌ಡೋರ್ ಯೂನಿಟ್ಟನ್ನು ಅದೇ ಕೋಣೆಯ ಗೋಡೆಗೆ ಹೊರಗಡೆಯಿಂದ ಸ್ಟ್ಯಾಂಡ್ ಹೊಡೆದು ಕೂರಿಸಿದ್ದಾರೆ, ಸರಿಯಾಗಿ ನಮ್ಮ ಮಂಚದ ತಲೆಯ ಹಿಂದೆ. ರಾತ್ರಿ ಗುಂಯ್ ಎಂಬ ಸದ್ದು ಬರುತ್ತದೆ. ಸ್ವಲ್ಪ ಹೊತ್ತು ಜೋರಾಗುತ್ತದೆ, ತಾನಾಗಿ ಇಳಿಯುತ್ತದೆ, ಮತ್ತೆ ಶುರು. ದಿಂಬಿಗೆ ಕಿವಿ ಇಟ್ಟರೆ ಇನ್ನೂ ಜಾಸ್ತಿ. ಸರ್ವಿಸ್‌ನವರು ಬಂದು ನೋಡಿ "ಇದೆಲ್ಲ ನಾರ್ಮಲ್ ಸರ್" ಎಂದು ಹೋದರು. ಬ್ರೋಷರ್‌ನಲ್ಲಿ ಮಾತ್ರ ತುಂಬಾ ಸೈಲೆಂಟ್ ಎಂದಿತ್ತು. ಎದುರು ಮನೆಯವರೂ ಬೇಸರ ಮಾಡಿಕೊಂಡಿದ್ದಾರೆ. ಔಟ್‌ಡೋರ್ ಯೂನಿಟ್ಟಿಗೆ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆ ಫೋಮ್ ಅಂಟಿಸಿ ಮುಚ್ಚಿಬಿಟ್ಟರೆ ಹೇಗೆ?

ಉತ್ತರ: ಪೆಟ್ಟಿಗೆ ಬೇಡ. ಬಡಗಿಗೆ ಹೇಳಿಟ್ಟಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ಇನ್ನೊಂದು ವಿಷಯ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಗಾಳಿಯಲ್ಲಿ ತೇಲಿ ಬರುವ ಸದ್ದಲ್ಲ, ಗೋಡೆಯೊಳಗಿಂದ ಹಾದು ಬರುವ ಅದುರು ಎಂದು ನನಗೆ ಅನ್ನಿಸುತ್ತಿದೆ. ಹಾಗಿದ್ದರೆ ಯೂನಿಟ್ಟಿನ ಸುತ್ತ ನೀವು ಏನೇ ಕಟ್ಟಿದರೂ ಪ್ರಯೋಜನ ಇಲ್ಲ. ಅದುರು ಬರುವ ದಾರಿ ಸ್ಟ್ಯಾಂಡು, ಬೋಲ್ಟು ಮತ್ತು ಕಾಪರ್ ಪೈಪು. ಪೆಟ್ಟಿಗೆ ಆ ದಾರಿಗೆ ಅಡ್ಡ ಬರುವುದೇ ಇಲ್ಲ.

ನೀವು ಬರೆದ ಎರಡು ಮಾತಿನಲ್ಲೇ ಇದರ ಸುಳಿವಿದೆ. ಒಂದು, ದಿಂಬಿಗೆ ಕಿವಿ ಇಟ್ಟರೆ ಜಾಸ್ತಿ ಅನ್ನುವುದು. ಗಾಳಿಯಿಂದ ಬರುವ ಸದ್ದಾಗಿದ್ದರೆ ದಿಂಬು ಕಿವಿ ಮುಚ್ಚಿ ಕಡಿಮೆಯಾಗಬೇಕಿತ್ತು ಅಲ್ವಾ? ಜಾಸ್ತಿ ಆಗುತ್ತಿದೆ ಎಂದರೆ ಗೋಡೆ ಅದುರುತ್ತಿದೆ, ಗೋಡೆಗೆ ತಾಗಿರುವ ಮಂಚ ಆ ಅದುರನ್ನು ಹಾಸಿಗೆಗೆ ತಲುಪಿಸುತ್ತಿದೆ. ಎರಡು, ಸದ್ದು ಏರಿ ಇಳಿಯುವುದು. ಇದಕ್ಕೆ ಇನ್ವರ್ಟರ್ ಕೆಲಸ ಮಾಡುವ ರೀತಿಯೇ ಕಾರಣ.

ಹಳೆಯ ಮಾದರಿಯ, ಅಂದರೆ ಇನ್ವರ್ಟರ್ ಇಲ್ಲದ ಎಸಿಯ ಕಂಪ್ರೆಸರ್‌ಗೆ (ಹೊರಗಿನ ಯೂನಿಟ್ಟಿನಲ್ಲಿ ಗ್ಯಾಸನ್ನು ಒತ್ತುವ ಯಂತ್ರಕ್ಕೆ) ಒಂದೇ ವೇಗ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಆ ಲೆಕ್ಕದಲ್ಲಿ ಅದು ನಿಮಿಷಕ್ಕೆ ಸುಮಾರು 2,900 ಸುತ್ತು, ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಕೋಣೆ ತಣ್ಣಗಾದರೆ ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ಹೊರಡುತ್ತದೆ. ಇನ್ವರ್ಟರ್ ಹಾಗಲ್ಲ. ಶುರುವಿನಲ್ಲಿ ಜೋರಾಗಿ ತಿರುಗಿ, ಕೋಣೆ ತಣ್ಣಗಾದಂತೆ ವೇಗ ಇಳಿಸುತ್ತ, ಸ್ವಲ್ಪ ಬಿಸಿ ಏರಿದರೆ ಮತ್ತೆ ಏರಿಸುತ್ತ ರಾತ್ರಿಯಿಡೀ ಹೊಂದಿಸಿಕೊಳ್ಳುತ್ತಿರುತ್ತದೆ. ಕರೆಂಟ್ ಬಿಲ್ಲಿಗೆ ಇದು ಒಳ್ಳೆಯದು. ಆದರೆ ನಿಮ್ಮ ಸ್ಟ್ಯಾಂಡಿಗೆ, ಅದು ಹಿಡಿದಿರುವ ಗೋಡೆಗೆ ತಮ್ಮದೇ ಆದ ಒಂದು ಅದುರುವ ವೇಗ ಇದೆ. ಕಂಪ್ರೆಸರ್‌ನ ವೇಗ ಅದಕ್ಕೆ ಸರಿಯಾಗಿ ಹೊಂದಿದ ಹೊತ್ತಿನಲ್ಲಿ ಗುಂಯ್ ಎನ್ನುತ್ತದೆ. ವೇಗ ಸ್ವಲ್ಪ ಬದಲಾದರೆ ಸದ್ದು ಮಾಯ. ಹಗಲು ಬಂದ ಸರ್ವಿಸ್‌ನವರಿಗೆ ಏನೂ ಕೇಳಿಸದೆ ಹೋಗಿದ್ದರೆ ಆಶ್ಚರ್ಯವಿಲ್ಲ. ಅವರು ಬಂದ ಹೊತ್ತಿಗೆ ಕಂಪ್ರೆಸರ್ ಬೇರೆ ವೇಗದಲ್ಲಿ ಇದ್ದಿರಬೇಕು, ಮೇಲಿಂದ ಬೀದಿ ಗದ್ದಲ ಬೇರೆ.

ನಿಮ್ಮ ಕಡೆಯ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ನೋಡಿರುತ್ತೀರಿ. ಬರೀ ತಂತಿಯನ್ನು ಬಿಗಿದು ಮೀಟಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು. ಸೋರೆ ಬುರುಡೆ ಸೇರಿದಾಗಲೇ ನಾದ ಬರುವುದು. ಕಂಪ್ರೆಸರ್ ಇಲ್ಲಿ ತಂತಿ, ನಿಮ್ಮ ಮಲಗುವ ಕೋಣೆಯ ಗೋಡೆಯೇ ಬುರುಡೆ.

ಇನ್ನು ಕೋಣೆಯ ಅಳತೆ. 12 ಅಡಿ ಎಂದರೆ 3.66 ಮೀಟರ್. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುವಾಗ ಕೆಲವು ಸ್ವರಗಳು ಮಾತ್ರ ಬಲವಾಗುತ್ತವೆ. 12 ಅಡಿ ಕೋಣೆಯಲ್ಲಿ ಅಂಥ ಅತಿ ಕೆಳಗಿನ ಸ್ವರ ಸುಮಾರು 48 ಹರ್ಟ್ಸ್. ಅಂದರೆ ಕಂಪ್ರೆಸರ್ ಸೆಕೆಂಡಿಗೆ 48 ಸುತ್ತಿನ ಹತ್ತಿರ ಬಂದಾಗಲೆಲ್ಲ ಕೋಣೆಯೂ ಅದರ ಜೊತೆ ಸೇರಿಕೊಳ್ಳುತ್ತದೆ. ನಿಮ್ಮದು ಚೌಕ ಕೋಣೆ, ಉದ್ದ ಅಗಲ ಒಂದೇ. ಹೀಗಾಗಿ ಎರಡೂ ದಿಕ್ಕಿನಲ್ಲಿ ಅದೇ ಸ್ವರ ಬಲವಾಗುತ್ತದೆ. ಈ ಸ್ವರ ಗೋಡೆಯ ಹತ್ತಿರ ಜೋರು, ಮೂಲೆಯಲ್ಲಿ ಅದಕ್ಕಿಂತ ಜೋರು, ಕೋಣೆಯ ನಡುವೆ ತೀರಾ ಕಡಿಮೆ. ನೀವು ತಲೆ ಇಟ್ಟಿರುವುದು ಗೋಡೆಯ ಪಕ್ಕ!

ಇದನ್ನು ಇವತ್ತು ರಾತ್ರಿಯೇ ಪರೀಕ್ಷೆ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಮೊದಲು ಮಂಚವನ್ನು ಗೋಡೆಯಿಂದ ಎರಡು ಬೆರಳಿನಷ್ಟು ಈಚೆ ಎಳೆಯಿರಿ. ತಲೆಯ ಹಲಗೆಯಾಗಲಿ ಕಾಲಾಗಲಿ ಗೋಡೆಗೆ ತಾಗಬಾರದು. ದಿಂಬಿನೊಳಗಿನ ಸದ್ದು ಅರ್ಧಕ್ಕರ್ಧ ಇಳಿದರೆ ನನ್ನ ಊಹೆ ಸರಿ. ಆಮೇಲೆ ದಿಂಬನ್ನು ಕಾಲಿನ ಕಡೆ ಹಾಕಿ ಮಲಗಿ ನೋಡಿ. ಆಗ ನಿಮ್ಮ ತಲೆ ಗೋಡೆಯಿಂದ ಆರು ಅಡಿ ದೂರ, ಹೆಚ್ಚುಕಮ್ಮಿ ಕೋಣೆಯ ನಡುವೆ ಬರುತ್ತದೆ. ಗುಂಯ್ ಬಹಳ ಕಡಿಮೆಯಾದರೆ ಕೋಣೆಯೂ ಇದರಲ್ಲಿ ಪಾಲುದಾರ. ಉತ್ತರಕ್ಕೆ ತಲೆ ಹಾಕಬಾರದು ಎಂದು ಮನೆಯ ಹಿರಿಯರು ತಡೆದರೆ ಒಂದು ರಾತ್ರಿಯ ಮಟ್ಟಿಗೆ ಒಪ್ಪಿಸಿ, ಇದು ಪರೀಕ್ಷೆ ಅಷ್ಟೇ.

ಮೂರನೆಯದು ರಿಮೋಟಿನಲ್ಲಿ. ಸದ್ದು ಬರುತ್ತಿರುವ ಹೊತ್ತಿನಲ್ಲೇ ಕೂಲ್ ಮೋಡ್‌ನಿಂದ ಫ್ಯಾನ್ ಮೋಡ್‌ಗೆ ಬದಲಿಸಿ. ಸ್ವಲ್ಪದರಲ್ಲೇ ಹೊರಗಿನ ಯೂನಿಟ್ ನಿಲ್ಲುತ್ತದೆ, ಒಳಗಿನ ಗಾಳಿ ಮಾತ್ರ ಉಳಿಯುತ್ತದೆ. ಗುಂಯ್ ನಿಂತಿತೇ? ಹಾಗಾದರೆ ತೊಂದರೆ ಹೊರಗಿನದ್ದೇ. ನಿಲ್ಲಲಿಲ್ಲವೇ? ಇಂಡೋರ್ ಯೂನಿಟ್ ಅಥವಾ ಸ್ಟೆಬಿಲೈಜರ್ ನೋಡಬೇಕು. ಸ್ಟೆಬಿಲೈಜರ್ ಕಡೆ ಯಾರೂ ಗಮನ ಕೊಡುವುದಿಲ್ಲ, ಆದರೆ ಅದರೊಳಗಿನ ಟ್ರಾನ್ಸ್‌ಫಾರ್ಮರ್ 100 ಹರ್ಟ್ಸ್‌ನಲ್ಲಿ ಗುನುಗುತ್ತದೆ. ಅದನ್ನೂ ಗೋಡೆಗೇ ಮೊಳೆ ಹೊಡೆದು ತೂಗುಹಾಕಿರುತ್ತೇವೆ. ವೋಲ್ಟೇಜ್ ಏರಿಳಿತ ಇದ್ದಲ್ಲಿ ಅದರ ರಿಲೇ ಟಕ್ ಟಕ್ ಅನ್ನುವುದೂ ಉಂಟು. ಹಿಂದೆ ರಬ್ಬರ್ ವಾಷರ್ ಕೊಟ್ಟು ತೂಗುಹಾಕಿದರೆ ಸಾಕಾಗುತ್ತದೆ.

ನಾಲ್ಕನೆಯದು ಕಿಟಕಿ. ಗುಂಯ್ ಬರುವಾಗ ಹೊರಗಿನ ಯೂನಿಟ್ ಕಡೆಯ ಕಿಟಕಿ ತೆರೆಯಿರಿ. ಫ್ಯಾನಿನ ಭರ್ ಸದ್ದು ಜಾಸ್ತಿಯಾಗಿ ಗುಂಯ್ ಮಾತ್ರ ಇದ್ದಷ್ಟೇ ಇದ್ದರೆ ಅದು ಗೋಡೆಯಿಂದಲೇ ಬರುತ್ತಿದೆ. ಎರಡೂ ಒಟ್ಟಿಗೆ ಜೋರಾದರೆ ಗಾಳಿಯ ದಾರಿಯೂ ಇದೆ, ಕಿಟಕಿಯ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಿದರೆ ಲಾಭವಿದೆ.

ತುಂಬಾ ಸೈಲೆಂಟ್ ಎಂದ ಬ್ರೋಷರ್ ಸುಳ್ಳು ಹೇಳಿತೇ ಎಂದು ನಿಮಗೆ ಅನ್ನಿಸಿರಬಹುದು. ಸುಳ್ಳಲ್ಲ, ಆದರೆ ನಿಮ್ಮ ತೊಂದರೆಗೆ ಆ ಅಂಕಿ ಸಂಬಂಧಪಟ್ಟದ್ದಲ್ಲ. ದೊಡ್ಡಕ್ಷರದಲ್ಲಿ ಹಾಕುವುದು ಇಂಡೋರ್ ಯೂನಿಟ್ಟಿನ ಲೆಕ್ಕ, ಅದೂ ಫ್ಯಾನ್ ಅತಿ ನಿಧಾನದಲ್ಲಿದ್ದಾಗ, ಪ್ರತಿಧ್ವನಿ ಇಲ್ಲದ ಪರೀಕ್ಷಾ ಕೋಣೆಯಲ್ಲಿ ಅಳೆದದ್ದು. ಔಟ್‌ಡೋರ್ ಯೂನಿಟ್ಟಿನ ಲೆಕ್ಕ ಸಾಮಾನ್ಯವಾಗಿ 50ರಿಂದ 60 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ, ಅದನ್ನು ಹಿಂದಿನ ಪುಟದ ಸಣ್ಣಕ್ಷರದಲ್ಲಿ ಹುಡುಕಬೇಕು. ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಇದೆ. ಈ ಡೆಸಿಬೆಲ್ ಅಳೆಯುವಾಗ ಮನುಷ್ಯರ ಕಿವಿಗೆ ಹೊಂದುವಂತೆ ಕೆಳಸ್ವರಗಳನ್ನು ಕಡಿತ ಮಾಡುತ್ತಾರೆ. 50 ಹರ್ಟ್ಸ್ ಹತ್ತಿರ ಕಡಿತ ಸುಮಾರು 30 ಡೆಸಿಬೆಲ್, 100 ಹರ್ಟ್ಸ್ ಹತ್ತಿರ ಸುಮಾರು 19. ಅಂದರೆ ನಿಮ್ಮ ಗುಂಯ್ ಆ ಮೀಟರಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಹಗಲಿನ ಗದ್ದಲದಲ್ಲಿ ನಮಗೂ ಕಾಣುವುದಿಲ್ಲ, ನಿಜ. ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಅದೊಂದೇ ಉಳಿದು ಕಾಡುತ್ತದೆ.

ಮೊಬೈಲ್‌ನಲ್ಲಿ ಡೆಸಿಬೆಲ್ ಆ್ಯಪ್ ಹಾಕಿಕೊಂಡು ಅಳೆಯುವವರಿದ್ದಾರೆ. ಫೋನಿನ ಮೈಕು ಇಂಥ ಕೆಳಸ್ವರಕ್ಕೆ ನಂಬಿಕಸ್ತನಲ್ಲ. ಹಿಂದೆ ಎಷ್ಟಿತ್ತು, ರಿಪೇರಿ ಆದ ಮೇಲೆ ಎಷ್ಟಾಯಿತು ಎಂದು ಅದೇ ಜಾಗದಲ್ಲಿ ಅದೇ ಫೋನಿನಲ್ಲಿ ಹೋಲಿಸಲು ಬಳಸಿ, ಸಾಕು. ಹೋಲಿಸುವಾಗ ನೆನಪಿರಲಿ, 3 ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಅರ್ಧವಾಗಿದೆ, ಆದರೆ ನಮ್ಮ ಕಿವಿಗೆ ಅರ್ಧವಾಯಿತು ಅನ್ನಿಸಬೇಕಾದರೆ 10 ಡೆಸಿಬೆಲ್ ಇಳಿಯಬೇಕು.

ಈಗ ಸ್ಟ್ಯಾಂಡಿಗೆ ಬರೋಣ. ನಿಮ್ಮ ಹಣ ಖರ್ಚಾಗಬೇಕಾದ್ದು ಇಲ್ಲಿ, ಅದೂ ಹೆಚ್ಚೇನಲ್ಲ.

ನಮ್ಮಲ್ಲಿ ಫಿಟಿಂಗ್ ಹೇಗೆ ಮಾಡುತ್ತಾರೆ ಎಂದು ಗೊತ್ತಲ್ಲ. ಗೋಡೆಗೆ ಆ್ಯಂಗಲ್ ಸ್ಟ್ಯಾಂಡ್ ಹೊಡೆಯುತ್ತಾರೆ, ಯೂನಿಟ್ಟಿನ ನಾಲ್ಕು ಕಾಲನ್ನು ಅದರ ಮೇಲಿಟ್ಟು ಬೋಲ್ಟ್ ಬಿಗಿಯುತ್ತಾರೆ. ಎಷ್ಟೋ ಕಡೆ ಕಬ್ಬಿಣದ ಮೇಲೆ ಕಬ್ಬಿಣ, ನಡುವೆ ಏನೂ ಇಲ್ಲ. ಕೆಲವರು ತೆಳುವಾದ ಗಟ್ಟಿ ರಬ್ಬರ್ ತುಂಡು ಇಟ್ಟು "ರಬ್ಬರ್ ಹಾಕಿದ್ದೇನೆ ಸರ್" ಎನ್ನುತ್ತಾರೆ. ರಬ್ಬರ್ ಇದ್ದ ಮಾತ್ರಕ್ಕೆ ಅದುರು ನಿಲ್ಲುವುದಿಲ್ಲ. ಯೂನಿಟ್ ಕೂರಿಸಿದಾಗ ಅದರ ಭಾರಕ್ಕೆ ರಬ್ಬರ್ ತಗ್ಗಬೇಕು. ಎಷ್ಟು ತಗ್ಗಬೇಕು ಎಂಬುದಕ್ಕೂ ಲೆಕ್ಕವಿದೆ. 1 ಮಿಲಿಮೀಟರ್ ತಗ್ಗಿದರೆ ಅದರ ಸ್ವಂತ ಅದುರು ಸೆಕೆಂಡಿಗೆ ಸುಮಾರು 16 ಸಲ. 3 ಮಿಲಿಮೀಟರ್ ತಗ್ಗಿದರೆ ಸುಮಾರು 9 ಸಲ. ಯಂತ್ರದ ಅದುರಿಗಿಂತ ಇದು ಮೂರನೇ ಒಂದು ಭಾಗಕ್ಕೆ ಇಳಿದರೆ ತಡೆ ಚೆನ್ನಾಗಿ ಸಿಗುತ್ತದೆ. 48ಕ್ಕೆ 16 ಸರಿಹೋಯಿತು. ಆದರೆ ಇನ್ವರ್ಟರ್ ರಾತ್ರಿ ಇನ್ನೂ ನಿಧಾನಕ್ಕೆ ಇಳಿಯುತ್ತದೆ, ಆದ್ದರಿಂದ 3 ಮಿಲಿಮೀಟರ್ ತಗ್ಗುವಂಥದ್ದನ್ನೇ ಕೇಳಿ. ಒಂದು ಎಚ್ಚರಿಕೆ: ಈ ಎರಡು ವೇಗ ಹತ್ತಿರ ಹತ್ತಿರ ಬಂದರೆ ರಬ್ಬರ್ ಅದುರನ್ನು ತಡೆಯುವ ಬದಲು ಇನ್ನಷ್ಟು ಹೆಚ್ಚಿಸುತ್ತದೆ. ರಬ್ಬರ್ ಹಾಕಿಸಿದ ಮೇಲೆ ಸದ್ದು ಜಾಸ್ತಿಯಾಯಿತು ಎಂದು ಕೆಲವರು ದೂರುವುದು ಇದೇ ಕಾರಣಕ್ಕೆ.

ಜನರೇಟರ್‌ಗೆ ಹಾಕುವ ದಪ್ಪ ರಬ್ಬರ್ ಮೌಂಟ್ ತಂದರೆ ಭಾರಿ ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಕೆಲಸಕ್ಕೆ ಬಾರದು. ಅದು ನೂರಾರು ಕಿಲೋ ಹೊರಲು ಮಾಡಿದ್ದು. ಒಂದೂವರೆ ಟನ್ ಎಸಿಯ ಔಟ್‌ಡೋರ್ ಯೂನಿಟ್ ಸುಮಾರು 25ರಿಂದ 35 ಕಿಲೋ ತೂಗುತ್ತದೆ, ನಾಲ್ಕು ಕಾಲಿಗೆ ಹಂಚಿದರೆ ಒಂದೊಂದಕ್ಕೆ ಏಳೆಂಟು ಕಿಲೋ. ಅಷ್ಟು ಭಾರಕ್ಕೆ ಆ ಮೌಂಟ್ ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಎಸಿಗೆಂದೇ ಬರುವ, ಹೊರುವ ಭಾರ ಎಷ್ಟೆಂದು ಬರೆದಿರುವ ಮೌಂಟ್ ತನ್ನಿ. ಕಂಪ್ರೆಸರ್ ಇರುವ ಬದಿ ಭಾರ ಜಾಸ್ತಿ, ಆ ಕಡೆ ರಬ್ಬರ್ ಹೆಚ್ಚು ತಗ್ಗಿ ಯೂನಿಟ್ ವಾಲಬಾರದು. ವಾಲಿದರೆ ಆ ಬದಿಗೆ ಸ್ವಲ್ಪ ಗಟ್ಟಿಯದ್ದು ಹಾಕಬೇಕಾಗುತ್ತದೆ.

ಬೋಲ್ಟಿನ ಬಗ್ಗೆ ಮೆಕ್ಯಾನಿಕ್ ಎದುರಿಗೇ ನಿಂತು ನೋಡಿ. ಕಾಲಿನ ಕೆಳಗೆ ಒಳ್ಳೆಯ ರಬ್ಬರ್ ಇಟ್ಟು, ಮೇಲಿಂದ ಉದ್ದ ಬೋಲ್ಟ್ ಹಾಕಿ ಜೋರಾಗಿ ಬಿಗಿದುಬಿಟ್ಟರೆ ಅದುರು ರಬ್ಬರನ್ನು ಬಿಟ್ಟು ಬೋಲ್ಟಿನೊಳಗಿಂದ ನೇರವಾಗಿ ಸ್ಟ್ಯಾಂಡಿಗೆ ಇಳಿಯುತ್ತದೆ. ಬೋಲ್ಟಿನ ತಲೆಯ ಕೆಳಗೂ ರಬ್ಬರ್ ವಾಷರ್ ಬೇಕು. ರಬ್ಬರ್ ಚಪ್ಪಟೆಯಾಗುವ ತನಕ ಬಿಗಿಯಬಾರದು. ಸಡಿಲವಾಗಿ ಕಳಚಿಕೊಳ್ಳಬಾರದು ಎಂದರೆ ಎರಡು ನಟ್ ಹಾಕಿ ಒಂದರ ಮೇಲೊಂದು ಲಾಕ್ ಮಾಡಲಿ. ಮೊದಲ ಮಹಡಿಯಿಂದ ಕೆಳಗೆ ಜನ ಓಡಾಡುತ್ತಾರೆ, ಇಲ್ಲಿ ಉಡಾಫೆ ಬೇಡ. ಮತ್ತೆ ಈ ಕೆಲಸಕ್ಕೆ ನೀವೇ ಕಿಟಕಿಯಿಂದ ಬಾಗಿ ಸ್ಪ್ಯಾನರ್ ಹಿಡಿಯಬೇಡಿ.

ಸ್ಟ್ಯಾಂಡ್ ಎಲ್ಲಿ ಹೊಡೆದಿದ್ದಾರೆ ಎನ್ನುವುದೂ ಮುಖ್ಯ. ನಿಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಲ್ಲಿನ ದಪ್ಪ ಗೋಡೆಗಳಿದ್ದವು. ಅಂಥ ಗೋಡೆಯನ್ನು ಅದುರಿಸುವುದು 30 ಕಿಲೋ ಯಂತ್ರಕ್ಕೆ ಕಷ್ಟ. ಈಗಿನದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯೋ, ಹಗುರ ಬ್ಲಾಕಿನ ಗೋಡೆಯೋ ಆಗಿದ್ದರೆ ಅದರ ನಟ್ಟನಡುವೆ ಸ್ಟ್ಯಾಂಡ್ ಹೊಡೆಯುವುದು ಅತಿ ಕೆಟ್ಟ ಜಾಗ. ಗೋಡೆ ಹೆಚ್ಚು ಅದುರುವುದು ನಡುವೆಯೇ. ಪಿಲ್ಲರ್ ಅಥವಾ ಬೀಮ್ ಇರುವ ಕಡೆಗೆ ಎರಡು ಮೂರು ಅಡಿ ಸರಿಸಲು ಆಗುತ್ತದೆಯೇ ಕೇಳಿ. ಹಗುರ ಬ್ಲಾಕಿನಲ್ಲಿ ಆ್ಯಂಕರ್ ಬೋಲ್ಟ್ ಕಾಲಕ್ರಮೇಣ ಸಡಿಲಾಗುವುದೂ ಉಂಟು, ಅದನ್ನೂ ನೋಡಿಸಿ.

ಇನ್ನು ಕಾಪರ್ ಪೈಪು. ಸ್ಟ್ಯಾಂಡ್ ಎಲ್ಲ ಸರಿಮಾಡಿದ ಮೇಲೂ ಸದ್ದು ಉಳಿದರೆ ನೂರಕ್ಕೆ ನೂರು ಇದನ್ನೇ ಅನುಮಾನಿಸಿ. ಪೈಪು ಗೋಡೆಯ ತೂತಿನಲ್ಲಿ ಹಾದುಹೋಗುವ ಕಡೆ ಸುತ್ತ ಸಿಮೆಂಟ್ ಮೆತ್ತಿರುತ್ತಾರೆ. ಮಳೆ ನೀರು ಬರಬಾರದು, ಇಲಿ ಹಲ್ಲಿ ನುಗ್ಗಬಾರದು ಎಂಬ ಉದ್ದೇಶ ಸರಿ. ಆದರೆ ಆ ಸಿಮೆಂಟು ಪೈಪನ್ನು ಗೋಡೆಗೆ ಗಟ್ಟಿಯಾಗಿ ಕಟ್ಟಿಹಾಕುತ್ತದೆ. ಅದನ್ನು ಕೆತ್ತಿ ತೆಗೆದು, ಇನ್ಸುಲೇಷನ್ ಹಾಗೇ ಉಳಿಸಿ, ಸಂದಿಗೆ ಮೆತ್ತನೆಯ ಫೋಮ್ ಅಥವಾ ಪುಟ್ಟಿ ತುಂಬಿಸಿ. ನಿಮ್ಮ ಎರಡೂ ಯೂನಿಟ್ ಒಂದೇ ಗೋಡೆಯ ಈಚೆ ಆಚೆ ಇದ್ದರೆ ಇನ್ನೊಂದು ತೊಂದರೆ ಇರುತ್ತದೆ, ಪೈಪು ತೀರಾ ಗಿಡ್ಡ. ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲಿ ಪೈಪು ಕನಿಷ್ಠ ಸುಮಾರು 3 ಮೀಟರ್ ಇರಲಿ ಎಂದಿರುತ್ತದೆ. ಗಿಡ್ಡ ಪೈಪು ಬಿಗಿಯಾಗಿರುತ್ತದೆ, ಕಂಪ್ರೆಸರ್‌ನ ಅದುರು, ಗ್ಯಾಸಿನ ಸದ್ದು ಎರಡನ್ನೂ ಹಾಗೇ ಒಳಗೆ ತರುತ್ತದೆ. ಉಳಿದ ಪೈಪನ್ನು ಕತ್ತರಿಸದೆ ಯೂನಿಟ್ಟಿನ ಹಿಂದೆ ಅಡ್ಡಲಾಗಿ ಒಂದು ದೊಡ್ಡ ಸುತ್ತು ಬಿಟ್ಟರೆ ಅದುರು ಅಲ್ಲೇ ತಣಿಯುತ್ತದೆ. ಪೈಪು ಅದುರುತ್ತಿದೆಯೇ ಎಂದು ತಿಳಿಯುವುದು ಸುಲಭ: ಒಳಗಡೆ ಇನ್ಸುಲೇಷನ್ ಮೇಲಿಂದಲೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿದಾಗ ಸ್ವರ ಬದಲಾದರೆ ಕಳ್ಳ ಸಿಕ್ಕಿದ.

ಪೆಟ್ಟಿಗೆ ಯಾಕೆ ಬೇಡ ಎಂದು ಈಗ ಹೇಳುತ್ತೇನೆ. ಔಟ್‌ಡೋರ್ ಯೂನಿಟ್ಟಿನ ಕೆಲಸವೇ ಕೋಣೆಯ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಅದು ಹಾಗೇ ಏದುಸಿರು ಬಿಡುತ್ತಿರುತ್ತದೆ. ಸುತ್ತ ಪೆಟ್ಟಿಗೆ ಕಟ್ಟಿದರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡ ಏರುತ್ತದೆ, ಕಂಪ್ರೆಸರ್ ಇನ್ನೂ ಜೋರಾಗಿ ದುಡಿಯುತ್ತದೆ, ಫ್ಯಾನೂ ಅಷ್ಟೇ. ಸದ್ದು ತಗ್ಗಿಸಲು ಕಟ್ಟಿಸಿದ ಪೆಟ್ಟಿಗೆಯಿಂದಲೇ ಸದ್ದು ಜಾಸ್ತಿ, ಬಿಲ್ಲು ಜಾಸ್ತಿ, ತಂಪು ಕಡಿಮೆ. ಕೊನೆಗೆ ಒಂದು ಮಧ್ಯಾಹ್ನ ಟ್ರಿಪ್ ಆಗಿ ನಿಲ್ಲುತ್ತದೆ. ಫೋಮ್ ಬೇರೆ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಪುಡಿಯಾಗಿ ಕಾಯಿಲ್‌ಗೆ ಅಂಟಿಕೊಳ್ಳುತ್ತದೆ.

ಕೋಣೆಯ ಒಳಗೆ ಫೋಮ್ ಶೀಟು, ಮೊಟ್ಟೆ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಅದಕ್ಕೂ ಕಿವಿ ಕೊಡಬೇಡಿ. 48 ಹರ್ಟ್ಸ್ ಸದ್ದಿನ ಒಂದು ಅಲೆಯೇ ಏಳು ಮೀಟರ್ ಉದ್ದ. ಒಂದು ಇಂಚಿನ ಫೋಮ್ ಅದನ್ನು ಏನೂ ಮಾಡಲಾರದು. ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು, ನೆಲಕ್ಕೊಂದು ಜಮಖಾನ ಇದ್ದರೆ ಇಂಡೋರ್ ಫ್ಯಾನಿನ ಸುಯ್ ಸದ್ದು ಪ್ರತಿಧ್ವನಿಸುವುದು ಕಡಿಮೆಯಾಗುತ್ತದೆ. ಟೈಲ್ಸೋ ಶಹಾಬಾದ್ ಕಲ್ಲೋ ಹಾಸಿದ ಖಾಲಿ ಕೋಣೆಗೆ ಅದು ಒಳ್ಳೆಯದೇ. ಗುಂಯ್‌ಗೆ ಮಾತ್ರ ಅದರಿಂದ ಏನೂ ಆಗದು.

ಎದುರು ಮನೆಯವರ ವಿಷಯ ಬೇರೆ. ಅವರಿಗೆ ಹೋಗುತ್ತಿರುವುದು ನಿಜಕ್ಕೂ ಗಾಳಿಯ ಸದ್ದು, ಫ್ಯಾನಿನದ್ದು ಮತ್ತು ಕಂಪ್ರೆಸರ್‌ನದ್ದು. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮನೆ ನಡುವಿನ ಸಣ್ಣ ಸಂದಿಯಲ್ಲಿ ಅಷ್ಟು ಇಳಿಯದು, ಗೋಡೆಯಿಂದ ಗೋಡೆಗೆ ಪುಟಿದು ಅವರ ಕಿಟಕಿಗೇ ಹೋಗುತ್ತದೆ. ಯೂನಿಟ್ಟನ್ನು ಅವರ ಕಿಟಕಿಯಿಂದ ಕಾಣದ ಕಡೆಗೆ ಸರಿಸುವುದು ಮೊದಲ ಆಯ್ಕೆ. ಆಗದಿದ್ದರೆ ಯೂನಿಟ್ಟಿನ ಮುಂದೆ ಸಾಕಷ್ಟು ಜಾಗ ಬಿಟ್ಟು ಒಂದು ಅಡ್ಡಗೋಡೆ ನಿಲ್ಲಿಸಬಹುದು, ಮೇಲೆ ಮತ್ತು ಅಕ್ಕಪಕ್ಕ ತೆರೆದಿರಬೇಕು. ಎಷ್ಟು ಜಾಗ ಬಿಡಬೇಕೆಂದು ನಿಮ್ಮ ಎಸಿಯ ಕೈಪಿಡಿಯಲ್ಲಿ ಚಿತ್ರ ಸಮೇತ ಇರುತ್ತದೆ. ಸಿಮೆಂಟ್ ಬೋರ್ಡಿನಂಥ ಭಾರದ ವಸ್ತುವಾಗಬೇಕು, ತೆಳು ತಗಡು ತಾನೇ ಅದುರುತ್ತದೆ. ಕಿಟಕಿಯಿಂದ ಯೂನಿಟ್ ಕಾಣದಷ್ಟು ಮರೆಯಾದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಇದರ ಜೊತೆಗೆ ಯೂನಿಟ್ಟಿನ ಮುಚ್ಚಳ ತೆಗೆಸಿ ಕಂಪ್ರೆಸರ್‌ಗೆ ಸುತ್ತುವ ದಪ್ಪ ಫೆಲ್ಟ್ ಕವಚ ಇದೆಯೇ ನೋಡಿಸಿ. ಅನೇಕ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಅದು ಬರುತ್ತದೆ, ರಿಪೇರಿಗೆ ಬಿಚ್ಚಿದವರು ಮತ್ತೆ ಹಾಕಲು ಮರೆಯುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗಾಗಿ: ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಆದರೆ ನೆರೆಯವರ ಜೊತೆ ಮೀಟರ್ ಹಿಡಿದು ವಾದ ಮಾಡುವ ಮಟ್ಟಕ್ಕೆ ಹೋಗಬೇಡಿ. ರಾತ್ರಿ ಹೊತ್ತು ಒಮ್ಮೆ ಅವರ ಮನೆಗೇ ಹೋಗಿ ಅವರ ಕಿಟಕಿಯ ಬಳಿ ನಿಂತು ಕೇಳಿಸಿಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ, ಎಲ್ಲಿಗೆ ಮರೆ ಕಟ್ಟಬೇಕು ಎಂಬುದೂ ಗೊತ್ತಾಗುತ್ತದೆ.

ಯಂತ್ರದ ಮೇಲಿನ ಹೊರೆ ಇಳಿಸಿದರೆ ಸದ್ದು ತಾನಾಗಿ ಇಳಿಯುತ್ತದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಕಡಿಮೆ, ಇದು ಬಹಳ ದೊಡ್ಡ ವ್ಯತ್ಯಾಸ. ಹಾಗಾಗಿ ಇನ್ವರ್ಟರ್ ಬೇಗ ನಿಧಾನಕ್ಕೆ ಇಳಿಯುವಂತೆ ನೋಡಿಕೊಳ್ಳಿ. ರಿಮೋಟಿನಲ್ಲಿ 18 ಇಟ್ಟರೆ ಕಲಬುರಗಿ ಬೇಸಿಗೆಯಲ್ಲಿ ಆ ತಂಪು ಮುಟ್ಟುವುದೇ ಇಲ್ಲ, ಕಂಪ್ರೆಸರ್ ರಾತ್ರಿಯಿಡೀ ಓಡುತ್ತಲೇ ಇರುತ್ತದೆ. 2020ರಿಂದ ಹೊಸ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ನಿಯಮ ಬಂದಿದೆ. ಅದನ್ನು ಸುಮ್ನೆ ಹಾಗೇ ಬಿಡಿ, ಅಥವಾ 26 ಮಾಡಿ ಸೀಲಿಂಗ್ ಫ್ಯಾನನ್ನು ಒಂದರಲ್ಲಿ ತಿರುಗಿಸಿ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಎಸಿ ಹಾಕಿದರೆ ಜೋರಾಗಿ ಓಡುವ ಹಂತ ನೀವು ಎಚ್ಚರವಿದ್ದಾಗಲೇ ಮುಗಿದಿರುತ್ತದೆ. ಮೇಲೆ ಬರೀ ಆರ್‌ಸಿಸಿ ಮಾಳಿಗೆ ಇದ್ದರೆ ಹಗಲಿನ ಬಿಸಿಲನ್ನು ಅದು ಮಧ್ಯರಾತ್ರಿಯವರೆಗೆ ಕೆಳಗೆ ಇಳಿಸುತ್ತಿರುತ್ತದೆ. ಬಿಳಿ ಕೂಲ್ ರೂಫ್ ಬಣ್ಣ ಹೊಡೆಸಿದರೆ ಎಸಿಯ ಸದ್ದಿಗೂ ಅದು ಔಷಧಿಯೇ. ಫಿಲ್ಟರ್ ಎರಡು ವಾರಕ್ಕೊಮ್ಮೆ ತೊಳೆಯಿರಿ. ಬೇಳೆ ಮಿಲ್ಲು ಹತ್ತಿರವಿದ್ದರೆ ವಾರಕ್ಕೊಮ್ಮೆ.

ಇಂಡೋರ್ ಯೂನಿಟ್ಟಿನ ಸದ್ದುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಬೇರೆ ಓದುಗರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಆನ್ ಅಥವಾ ಆಫ್ ಆದ ಮೇಲೆ ಆಗೊಮ್ಮೆ ಈಗೊಮ್ಮೆ ಟಕ್ ಎಂದರೆ ಪ್ಲಾಸ್ಟಿಕ್ ತಂಪಿಗೆ ಕುಗ್ಗುತ್ತಿದೆ, ಬಿಸಿಗೆ ಹಿಗ್ಗುತ್ತಿದೆ, ಚಿಂತೆಯಿಲ್ಲ. ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಬುಸ್ ಅಥವಾ ಗುಳುಗುಳು ಎಂದರೆ ಗ್ಯಾಸು ಎರಡೂ ಕಡೆ ಸಮವಾಗುತ್ತಿದೆ, ಅದೂ ಸರಿ. ಫರ್ ಫರ್ ಎಂದು ಅಲೆಅಲೆಯಾಗಿ ಬಂದರೆ ಬ್ಲೋವರ್ ಎಲೆಗಳಿಗೆ ಕೊಳೆ ಹಿಡಿದಿದೆ, ಬರೀ ಫಿಲ್ಟರ್ ತೊಳೆದರೆ ಹೋಗದು, ಬ್ಲೋವರ್ ಬಿಚ್ಚಿಸಿ ತೊಳೆಸಿ. ಕಿಟಕಿ ಬಾಗಿಲು ಮುಚ್ಚಿ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಗ್ಲಕ್ ಗ್ಲಕ್ ಎಂದರೆ ಡ್ರೈನ್ ಪೈಪಿನಿಂದ ಹೊರಗಿನ ಗಾಳಿ ನುಗ್ಗುತ್ತಿದೆ. ಕಿಟಕಿ ಸ್ವಲ್ಪ ತೆರೆದು ನೋಡಿ, ನಿಲ್ಲುತ್ತದೆ. ಕಿರ್ ಕಿರ್ ಎಂದರೆ ಮೋಟಾರಿನ ಬೇರಿಂಗ್ ಹೋಗುತ್ತಿದೆ. ಎಸಿ ಓಡುತ್ತಿರುವಾಗ ಬಿಡದೆ ಬುಸ್ ಎನ್ನುತ್ತಿದ್ದು, ತಂಪು ಕಡಿಮೆಯಾಗಿ, ಪೈಪಿನ ಮೇಲೆ ಐಸ್ ಕಟ್ಟಿದರೆ ಗ್ಯಾಸ್ ಸೋರುತ್ತಿರಬಹುದು. ಆಗ ಬರೀ ಗ್ಯಾಸ್ ತುಂಬಿಸಿ ಕಳಿಸಬೇಡಿ, ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ. ಈಗಿನ ಬಹಳಷ್ಟು ಎಸಿಗಳಲ್ಲಿರುವ ಆರ್-32 ಗ್ಯಾಸು ಸುಲಭವಾಗಿ ಅಲ್ಲದಿದ್ದರೂ ಉರಿಯುವಂಥದ್ದು. ಹೊರಗಿನ ಯೂನಿಟ್ಟಿನಿಂದ ಇದ್ದಕ್ಕಿದ್ದಂತೆ ಗಡಗಡ ಸದ್ದು ಬಂದರೆ ಪಾರಿವಾಳ ಗೂಡು ಕಟ್ಟಲು ತಂದ ಕಡ್ಡಿ ಫ್ಯಾನಿಗೆ ಸಿಕ್ಕಿರುತ್ತದೆ, ಮೊದಲು ಮೇನ್ ಆಫ್ ಮಾಡಿ.

ಸರ್ವಿಸ್‌ನವರನ್ನು ಮತ್ತೆ ಕರೆಯುವಾಗ "ಸದ್ದು ಬರುತ್ತದೆ" ಎನ್ನಬೇಡಿ. "ಕೂಲ್ ಮೋಡ್‌ನಲ್ಲಿ ಗೋಡೆ ಅದುರುತ್ತದೆ, ಫ್ಯಾನ್ ಮೋಡ್‌ಗೆ ಹಾಕಿದರೆ ನಿಲ್ಲುತ್ತದೆ, ಸ್ಟ್ಯಾಂಡಿಗೆ ವೈಬ್ರೇಷನ್ ಮೌಂಟ್ ಹಾಕಬೇಕು, ಪೈಪಿನ ತೂತು ಬಿಡಿಸಬೇಕು" ಎನ್ನಿ. ಕೆಲಸದ ಮಾತಿಗೆ "ನಾರ್ಮಲ್" ಎಂದು ಹೇಳಿ ಹೋಗುವುದು ಕಷ್ಟ. ಈ ಎರಡು ಕೆಲಸಕ್ಕೆ ಗ್ಯಾಸ್ ಪೈಪು ಬಿಚ್ಚಬೇಕಾಗಿಲ್ಲ.

ಅಷ್ಟು ಮಾಡಿದ ಮೇಲೂ ಗುಂಯ್ ಸಾಕಷ್ಟು ಇಳಿಯದಿದ್ದರೆ ಯೂನಿಟ್ಟನ್ನು ಆ ಗೋಡೆಯಿಂದ ತೆಗೆದು ಮಾಳಿಗೆಗೆ ಸಾಗಿಸಿ. ಮಲಗುವ ಕೋಣೆಯ ನೆತ್ತಿಯ ಮೇಲೆ ಇಡಬೇಡಿ, ಆಗ ಗೋಡೆಯ ಬದಲು ಸ್ಲ್ಯಾಬು ಅದುರುತ್ತದೆ. ಮೆಟ್ಟಿಲಿನ ಮೇಲೋ ಬಾತ್‌ರೂಮಿನ ಮೇಲೋ, ಬೀಮ್ ಹಾದುಹೋಗುವ ಕಡೆ ಎರಡು ಕಾಂಕ್ರೀಟ್ ಬ್ಲಾಕ್ ಇಟ್ಟು, ಅದರ ಮೇಲೆ ಅದೇ ರಬ್ಬರ್ ಮೌಂಟ್ ಹಾಕಿ ಕೂರಿಸಿ. ನೇರ ಬಿಸಿಲು ಬೀಳದಂತೆ ಎತ್ತರದಲ್ಲಿ ಒಂದು ಶೀಟು ಇರಲಿ, ಸುತ್ತ ತೆರೆದಿರಲಿ. ಪೈಪು ಉದ್ದವಾದರೆ ಹೆಚ್ಚುವರಿ ಗ್ಯಾಸ್ ಬೇಕಾಗಬಹುದು. ಮೀಟರಿಗೆ ಎಷ್ಟು ಗ್ರಾಂ ಎಂದು ಕೈಪಿಡಿಯಲ್ಲೋ ಯೂನಿಟ್ಟಿನ ಲೇಬಲ್ ಮೇಲೋ ಇರುತ್ತದೆ, ತೂಕ ಹಾಕಿಯೇ ತುಂಬಿಸಲಿ. ಸಾಗಿಸುವ ದಿನ ಮೆಕ್ಯಾನಿಕ್ ವ್ಯಾಕ್ಯೂಮ್ ಪಂಪ್ ತಂದಿದ್ದಾರೆಯೇ ಎಂದು ಮೊದಲೇ ಕೇಳಿ. ಪಂಪ್ ಇಲ್ಲದೆ ಸ್ವಲ್ಪ ಗ್ಯಾಸ್ ಬಿಟ್ಟು ಪೈಪಿನ ಗಾಳಿಯನ್ನು ಊದಿ ತೆಗೆಯುತ್ತೇನೆ ಎಂದರೆ ಒಪ್ಪಬೇಡಿ. ಗಾಳಿ ಮತ್ತು ತೇವ ಒಳಗೆ ಉಳಿದರೆ ಒತ್ತಡ ಏರಿ ಕಂಪ್ರೆಸರ್ ಒರಟಾಗಿ ಓಡುತ್ತದೆ, ನೀವು ಹೊಸ ಜಾಗದಲ್ಲಿ ಹೊಸ ಸದ್ದು ಹುಡುಕುತ್ತ ಕೂರಬೇಕಾಗುತ್ತದೆ.